ಕಣ್ಣಿನ ಅಳತೆ, ಕೈಯ ಅಳತೆ

ಉಡುಗೊರೆ ಕೊಡುವವರಿಗೆ ಒಂದು ದೌರ್ಬಲ್ಯವುಂಟು. ತಮಗೆ ಯಾವುದು ಪ್ರಿಯವೋ ಅದನ್ನೇ ಅವರು ಇತರರಿಗೂ ಕೊಡುತ್ತಾರೆ. ಮದುವೆಯ ಮನೆಗಳಲ್ಲಿ ಒಂದೇ ಬಗೆಯ ಗೋಡೆ ಗಡಿಯಾರಗಳು ಏಳೆಂಟು ಬಂದು ಬೀಳುವುದು ಇದರಿಂದಲೇ. ಗಡಿಯಾರ ಹೆಚ್ಚಾದರೆ ನಷ್ಟವೇನೂ ಇಲ್ಲ. ಅದು ಇನ್ನೊಂದು ಮದುವೆಗೆ ಸಾಗಿಹೋಗುತ್ತದೆ. ಆದರೆ ಸಾಧಾರಣ ಸ್ಥಿತಿಯ ಬಂಧುಗಳೆಲ್ಲರೂ ಹಣ ಕೂಡಿಸಿ ಕೊಂಡ ಉಡುಗೊರೆಯು ಪಡೆದವನಿಗೆ ಒದಗದೆ ಹೋದರೆ ಅದರ ಕಥೆಯೇ ಬೇರೆ. ಅಂಥ ಒಂದು ಉಡುಗೊರೆಯ ವಿಷಯದಲ್ಲಿ ಸಲಹೆ ಕೊಟ್ಟ ಪಂಡಿತನು ನಾನೇ ಆದುದರಿಂದ, ಈ ವಾರ ಆ ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಮಧುಗಿರಿಯಲ್ಲಿ ನಮ್ಮ ಎದುರುಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ತಮ್ಮನು ಪಾವಗಡದ ಕಡೆಯ ಹಳ್ಳಿಯೊಂದರಲ್ಲಿ ಕಡಲೆಕಾಯಿ ಬೆಳೆಯುವ ರೈತ. ಆ ತಮ್ಮನ ಮಗನು ಹುಟ್ಟಿನಿಂದಲೇ ದೃಷ್ಟಿಯಿಲ್ಲದವನು. ಲಿಪಿಕಾರರ ಸಹಾಯದಿಂದ ಪರೀಕ್ಷೆ ಬರೆದು, ಪಿಯುಸಿಯಲ್ಲಿ ಪ್ರಥಮ ದರ್ಜೆ ಪಡೆದು, ನಮ್ಮ ಕಾಲೇಜಿನಲ್ಲಿಯೇ ಬಿ.ಎ. ತರಗತಿಗೆ ಸೇರಿದನು; ವಾಸ ಇಲ್ಲಿಯ ವಿದ್ಯಾರ್ಥಿನಿಲಯದಲ್ಲಿ. ಅವನಿಗೆ ಏನಾದರೂ ಒಳ್ಳೆಯ ಉಡುಗೊರೆ ಕೊಡಬೇಕೆಂದು ಒಂದು ಭಾನುವಾರ ಎದುರುಮನೆಯ ಜಗುಲಿಯ ಮೇಲೆ ಸಭೆ ಸೇರಿತು. ಶಿರಾದಿಂದ ಹುಡುಗನ ಸೋದರಮಾವ ಬಂದಿದ್ದರು. ಕೊರಟಗೆರೆಯಿಂದ ತಾಯಿಯ ಅಕ್ಕ, ಅಂದರೆ ಅವನ ದೊಡ್ಡಮ್ಮ, ಬಂದಿದ್ದರು. ಓದಿಗೆ ಅನುಕೂಲವಾಗುವ ಸಾಧನವೊಂದನ್ನು ಕೊಡಿಸುವುದೆಂದು ಎಲ್ಲರೂ ಒಪ್ಪಿದರು. ಒಡಕು ಹುಟ್ಟಿದ್ದು ಅದರ ಗಾತ್ರದಲ್ಲಿ.

ಸೋದರಮಾವನವರದು ಮಿತವ್ಯಯದ ಪಕ್ಷ. "ಅವನಿಗೆ ಬೇಕಾದ್ದು ಮಾತು, ಚಿತ್ರವಲ್ಲ. ಎಲ್ಲಕ್ಕಿಂತ ಚಿಕ್ಕ ಫೋನು ಸಾಕು. ದೊಡ್ಡ ಪರದೆ ಕೊಡಿಸಿದರೆ ಕುರುಡನ ಮುಂದೆ ಕನ್ನಡಿ ಹಿಡಿದ ಹಾಗಾಯಿತು," ಎಂದರು. ಎದುರುಮನೆಯವರದು ಔದಾರ್ಯದ ಪಕ್ಷ. "ಕಾಲೇಜು ಹುಡುಗ. ಚಿಕ್ಕದನ್ನು ಕೊಟ್ಟರೆ ನಾಲ್ಕು ಜನ ಏನೆಂದಾರು? ಹತ್ತಂಗುಲದ ಟ್ಯಾಬ್ಲೆಟ್ಟೇ ಇರಲಿ," ಎಂದರು. ಎರಡು ಪಕ್ಷಗಳೂ ಸೋಲಲು ಒಪ್ಪದಿದ್ದಾಗ, "ಮೇಷ್ಟ್ರೆ, ನೀವು ಹೇಳಿ, ಅವನಿಗೆ ಪಾಠ ಹೇಳುವವರು ನೀವು," ಎಂದು ನನ್ನನ್ನು ಕರೆದರು. ನಾನು ಕನ್ನಡಕ ಸರಿಪಡಿಸಿಕೊಂಡು, ಗಂಭೀರವಾಗಿ ಯೋಚಿಸಿದಂತೆ ನಟಿಸಿ, "ಪುಸ್ತಕ ಓದುವುದಕ್ಕೆ ದೊಡ್ಡದೇ ಒಳ್ಳೆಯದು," ಎಂದುಬಿಟ್ಟೆನು. ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದುದು ನನ್ನ ಕಣ್ಣು ಮಾತ್ರ.

ಹುಡುಗನು ಆಗ ನಡುಮನೆಯಲ್ಲಿ, ನಮ್ಮಿಂದ ಐದು ಮಾರು ದೂರದಲ್ಲಿ, ಕಾಫಿ ಕುಡಿಯುತ್ತ ಕುಳಿತಿದ್ದನು. ನಮ್ಮ ಮಾತೆಲ್ಲವೂ ಅವನಿಗೆ ಕೇಳಿಸಿರಬೇಕು; ಮಾವನವರ ಕನ್ನಡಿಯ ಗಾದೆಯೂ ಕೇಳಿಸಿರಬೇಕು. ಒಳಗೆ ಹೋಗಿ ಅವನನ್ನು ಒಂದು ಮಾತು ಕೇಳೋಣವೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಮರುವಾರ ಶಿರಾದಲ್ಲಿ ಟ್ಯಾಬ್ಲೆಟ್ಟಿನ ಖರೀದಿ ಆಯಿತು. ಅವನು ಎಲ್ಲರ ಕಾಲು ಮುಟ್ಟಿ ನಮಸ್ಕರಿಸಿ ಅದನ್ನು ತೆಗೆದುಕೊಂಡನು.

ಮೂರು ತಿಂಗಳು ಕಳೆದವು. ಒಂದು ಶನಿವಾರ ಮಿತ್ರರೊಬ್ಬರ ಗೃಹಪ್ರವೇಶಕ್ಕೆಂದು ಪಾವಗಡಕ್ಕೆ ಹೊರಟ ನನಗೆ ಮಧುಗಿರಿಯ ಬಸ್ ನಿಲ್ದಾಣದಲ್ಲಿ ಈ ಹುಡುಗನು ಸಿಕ್ಕನು. ಊರಿಗೆ ಹೊರಟಿದ್ದನು. ಬಲಗೈಯಲ್ಲಿ ಬಿಳಿಕೋಲು, ಹೆಗಲಲ್ಲಿ ಚೀಲ. ಅಂಗಿಯ ಜೇಬಿನಲ್ಲಿ, ಗಾಜು ಬಿರಿದ ಹಳೆಯ ಫೋನೊಂದು ಇಣುಕುತ್ತಿತ್ತು. ಅದು ಅವನ ತಾಯಿಯದೆಂದು ಆಮೇಲೆ ತಿಳಿಯಿತು.

"ಟ್ಯಾಬ್ಲೆಟ್ಟು ಹೇಗಿದೆಯಪ್ಪಾ?" ಎಂದೆನು.

"ಚೆನ್ನಾಗಿದೆ ಸಾರ್. ರೂಮಿನಲ್ಲಿದೆ," ಎಂದನು. 'ಚೆನ್ನಾಗಿದೆ' ಎಂಬ ಮಾತನ್ನು ಅವನು ತಡಮಾಡದೆ ಹೇಳಿದ ರೀತಿಯಲ್ಲಿಯೇ ಅದು ಚೆನ್ನಾಗಿಲ್ಲವೆಂಬುದು ಗೊತ್ತಾಯಿತು.

ಬಸ್ಸಿನಲ್ಲಿ ಒಂದೇ ಆಸನದಲ್ಲಿ ಕುಳಿತೆವು. ಮಿಡಿಗೇಶಿ ದಾಟುವವರೆಗೂ ಅವನು ಪಠ್ಯದ ವಿಷಯವನ್ನೇ ಮಾತನಾಡಿದನು. ನಾನು ಬಿಡದೆ ಕೇಳಿದ ಮೇಲೆ, ಬಹಳ ಸಂಕೋಚದಿಂದ, ಹಿಂದಿನ ವಾರ ನಡೆದ ಸಂಗತಿಯೊಂದನ್ನು ಹೇಳಿದನು. ಅಂಗಡಿಯೊಂದರಲ್ಲಿ ನೋಟು ಪುಸ್ತಕ ಕೊಂಡು 200 ರೂಪಾಯಿಯ ನೋಟು ಕೊಟ್ಟನಂತೆ. ಚಿಲ್ಲರೆ ಅದಕ್ಕೆ ತಕ್ಕಂತೆ ಬಂದಿತು. ವಿದ್ಯಾರ್ಥಿನಿಲಯಕ್ಕೆ ಬಂದು ಉಳಿದ ನೋಟುಗಳನ್ನು ಗೆಳೆಯನಿಗೆ ತೋರಿಸಿದಾಗ, ಕೊಟ್ಟದ್ದು 500 ರೂಪಾಯಿಯ ನೋಟೆಂದು ಗೊತ್ತಾಯಿತು. ಮುನ್ನೂರು ರೂಪಾಯಿ ಹೋಯಿತು. ತಿಂಗಳ ಖರ್ಚಿಗೆ ಲೆಕ್ಕ ಮಾಡಿ ತಂದ ಹಣ ಅದು.

ಓದುಗರು ತಮ್ಮ ಕಿಸೆಯಲ್ಲಿನ ನೋಟುಗಳನ್ನು ಕಣ್ಣು ಮುಚ್ಚಿ ಮುಟ್ಟಿ ನೋಡಬೇಕೆಂದು ನನ್ನ ಪ್ರಾರ್ಥನೆ. 2016ರ ತರುವಾಯ ಬಂದ ಹೊಸ ಸಾಲಿನಲ್ಲಿ 100 ರೂಪಾಯಿಯ ನೋಟಿನ ಉದ್ದ 142 ಮಿಲಿಮೀಟರ್, 200ರದು 146, 500ರದು 150. ಅಗಲ ಮೂರಕ್ಕೂ 66. ಅಂದರೆ ನೂರಕ್ಕೂ ಇನ್ನೂರಕ್ಕೂ, ಇನ್ನೂರಕ್ಕೂ ಐನೂರಕ್ಕೂ ಇರುವ ಅಂತರವು ನಾಲ್ಕೇ ಮಿಲಿಮೀಟರು. ಅಂಚಿನಲ್ಲಿ ಉಬ್ಬಿದ ಗೆರೆಗಳನ್ನು ಅಚ್ಚು ಮಾಡಿದ್ದಾರೆ, ನಿಜ. ನೋಟು ನಾಲ್ಕು ಸಂತೆ ಸುತ್ತಿ ಬಂದ ಮೇಲೆ ಆ ಗೆರೆಗಳು ಸವೆದು ಮೆತ್ತಗಾಗುತ್ತವೆ. ನಮಗೆ ನೋಟಿನ ಗುರುತು ಬಣ್ಣ. ಅವನಿಗೆ ಗುರುತು ಉದ್ದ.

ಇದಕ್ಕೆ ಪರಿಹಾರವೂ ಇದೆ. ಭಾರತೀಯ ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು 'ಮಣಿ' ಎಂಬ ಸಾಧನವನ್ನು ಹೊರತಂದಿತು. ನೋಟನ್ನು ಫೋನಿನ ಕ್ಯಾಮೆರಾದ ಮುಂದೆ ಹಿಡಿದರೆ ಅದರ ಬೆಲೆಯನ್ನು ಅದು ಕೂಗಿ ಹೇಳುತ್ತದೆ. ಅಂತರಜಾಲದ ಸಂಪರ್ಕವೂ ಬೇಡ. "ಹಾಗಾದರೆ ಅದನ್ನು ಉಪಯೋಗಿಸಬಾರದಾಗಿತ್ತೇ?" ಎಂದೆನು. ಹುಡುಗನು ನಕ್ಕನು. "ಟ್ಯಾಬ್ಲೆಟ್ಟಿನಲ್ಲಿ ಹಾಕಿಕೊಂಡಿದ್ದೇನೆ ಸಾರ್. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ನೋಟು. ಟ್ಯಾಬ್ಲೆಟ್ಟು ಹಿಡಿಯುವುದಕ್ಕೆ ಮೂರನೆಯ ಕೈ ಬೇಕು. ಅಮ್ಮನ ಫೋನು ಹಳೆಯದು, ಅದರ ಕ್ಯಾಮೆರಾ ಕೆಟ್ಟಿದೆ," ಎಂದನು.

ಕಾವ್ಯದಲ್ಲಿ ನಾಲ್ಕು ಕೈಯ ದೇವತೆಗಳನ್ನು ವರ್ಷಗಟ್ಟಲೆ ವರ್ಣಿಸಿದ ನನಗೆ, ಎರಡೇ ಕೈಯ ಮನುಷ್ಯನ ಕಷ್ಟವು ಆ ತನಕ ಹೊಳೆದಿರಲಿಲ್ಲ.

ಆಮೇಲೆ ಅವನು ಆ ಹಳೆಯ ಫೋನನ್ನು ತೆಗೆದು ತಾನು ಓದುವ ವಿಧಾನವನ್ನು ತೋರಿಸಿದನು. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ವ್ಯವಸ್ಥೆ ಇದೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಬೆರಳನ್ನು ಬಲಕ್ಕೆ ಸರಕ್ಕನೆ ಎಳೆದರೆ ಮುಂದಿನ ವಿಷಯಕ್ಕೆ ಹೋಗುತ್ತದೆ, ಎಡಕ್ಕೆ ಎಳೆದರೆ ಹಿಂದಿನದಕ್ಕೆ ಬರುತ್ತದೆ. ಬೇಕಾದುದು ಕೇಳಿಸಿದ ಕೂಡಲೆ ಎರಡು ಸಲ ತಟ್ಟಬೇಕು. ಪರದೆಯ ಯಾವ ಮೂಲೆಯಲ್ಲಿ ತಟ್ಟಿದರೂ ಆದೀತು. ಜಪಮಣಿ ಎಣಿಸುವಂತೆ ಒಂದರ ಹಿಂದೊಂದು ಸಾಗುವ ಈ ಓದಿಗೆ ಪರದೆಯು ಬೆಂಕಿಪೆಟ್ಟಿಗೆಯಷ್ಟಿದ್ದರೂ ಸಾಕು, ಬಾಗಿಲಿನಷ್ಟಿದ್ದರೂ ಹೆಚ್ಚಿನ ಲಾಭವಿಲ್ಲ.

ಎರಡನೆಯ ವಿಧಾನ ತಡವಿ ನೋಡುವುದು. ಬೆರಳನ್ನು ಗಾಜಿನ ಮೇಲೆ ನಿಧಾನವಾಗಿ ಆಡಿಸಿದರೆ, ಅದರಡಿಯಲ್ಲಿ ಬಂದುದನ್ನೆಲ್ಲ ಫೋನು ಹೇಳುತ್ತ ಹೋಗುತ್ತದೆ. ಇಲ್ಲಿ ಗಾತ್ರವು ಮುಖ್ಯ. ಕೈಯೊಳಗೆ ಅಡಗುವ ಫೋನಿನಲ್ಲಿ ಅಂಚುಗಳೇ ದಿಕ್ಕು ತೋರಿಸುತ್ತವೆ. ಎಡದ ಅಂಚಿಗೂ ಬಲದ ಅಂಚಿಗೂ ಹೆಬ್ಬೆರಳು ಮುಟ್ಟುವುದರಿಂದ, 'ಕೆಳಗಿನ ಬಲಮೂಲೆ' ಎಂದರೆ ಅದು ಎಲ್ಲಿದೆಯೆಂದು ಕೈಗೆ ಗೊತ್ತಿರುತ್ತದೆ. ಹತ್ತಂಗುಲದ ಗಾಜಿನ ಮೇಲೆ ಬೆರಳು ಬಯಲಿಗೆ ಬಿಟ್ಟ ಕರುವಿನಂತಾಗುತ್ತದೆ. ನಮ್ಮ ಕಣ್ಣಿಗೆ ಹಿತವಾಗಲೆಂದು ಬಿಟ್ಟ ಖಾಲಿ ಜಾಗವೆಲ್ಲ ಅದಕ್ಕೆ ಮೌನದ ಬಯಲು. ಅಲ್ಲದೆ ನಾವು ಕೊಡಿಸಿದ ಟ್ಯಾಬ್ಲೆಟ್ಟಿಗೆ ಸಿಮ್ ಹಾಕುವಂತಿರಲಿಲ್ಲ. ಶುಲ್ಕ ಕಟ್ಟುವಾಗ ಓಟಿಪಿ ಬರುವುದು ಫೋನಿಗೆ. ಮನೆಯಿಂದ ಕರೆ ಬರುವುದೂ ಫೋನಿಗೆ.

ಅವನ ಫೋನು ಓದಿದ ಕನ್ನಡವನ್ನು ನಾನೂ ಕಿವಿಗೊಟ್ಟು ಕೇಳಿದೆನು. ಒಂದಕ್ಷರವೂ ತಿಳಿಯಲಿಲ್ಲ, ಅಭ್ಯಾಸವಾದವರು ನಮ್ಮ ಮಾತಿನ ಎರಡು ಮೂರು ಪಾಲು ವೇಗದಲ್ಲಿ ಕೇಳುತ್ತಾರಂತೆ. ಕನ್ನಡ ಎಂ.ಎ. ಪದವೀಧರನಿಗೆ ಕನ್ನಡ ಅರ್ಥವಾಗದ ಆ ಗಳಿಗೆಯಲ್ಲಿ ಹುಡುಗನಿಗೆ ಸ್ವಲ್ಪ ಸಂತೋಷವಾದುದನ್ನು ನಾನು ಗಮನಿಸದೆ ಇರಲಿಲ್ಲ. ನಡುವೆ ಒಂದು ಸಂದೇಶವನ್ನು ಫೋನು ತೆಲುಗಿನಲ್ಲಿ ಓದಿತು. ಪಾವಗಡಕ್ಕೆ ಮೂರು ದಿಕ್ಕಿನಲ್ಲಿಯೂ ಆಂಧ್ರ ಪ್ರದೇಶವೇ ಆದುದರಿಂದ ಅಲ್ಲಿಯವರ ಬಾಯಲ್ಲಿ ಎರಡು ನುಡಿಗಳೂ ಓಡಾಡುತ್ತವೆ. ಅವರ ಫೋನಿಗೂ ಎರಡು ನುಡಿಗಳು ಬರಬೇಕು. ಭಾರತಿ ಬ್ರೈಲ್ ಲಿಪಿಯಲ್ಲಿ ಈ ತೊಡಕಿಲ್ಲ. 1951ರಲ್ಲಿ ನಮ್ಮ ದೇಶದ ಭಾಷೆಗಳಿಗೆಲ್ಲ ಸಾಮಾನ್ಯವಾಗಿ ನಿಶ್ಚಯವಾದ ಆ ಲಿಪಿಯಲ್ಲಿ ಕನ್ನಡದ 'ಕ'ಕಾರಕ್ಕೂ ತೆಲುಗಿನ 'ಕ'ಕಾರಕ್ಕೂ ಒಂದೇ ಚುಕ್ಕಿಗಳು.

ಬ್ರೈಲ್ ಎಂದೊಡನೆ ನೆನಪಾಗುವುದು, ನಾನು ಜಗುಲಿಯ ಮೇಲೆ ಮಾಡಿದ ತಪ್ಪು ಎರಡು ಶತಮಾನಗಳಷ್ಟು ಹಳೆಯದೆಂಬುದು. ಪ್ಯಾರಿಸ್ಸಿನಲ್ಲಿ 1785ರಲ್ಲಿ ಅಂಧ ಮಕ್ಕಳಿಗಾಗಿ ಶಾಲೆ ತೆರೆದ ವ್ಯಾಲಂಟೈನ್ ಹಾಯ್ ಎಂಬ ಮಹನೀಯನು ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ದೊಡ್ಡದಾಗಿ ಉಬ್ಬಿಸಿ ಪುಸ್ತಕ ಮಾಡಿಸಿದನು. ಕಣ್ಣಿಗೆ ಚೆಂದವಾದ ಅಕ್ಷರ ಬೆರಳಿಗೂ ಚೆಂದವೆಂದು ಅವನ ನಂಬಿಕೆ. ಪುಸ್ತಕಗಳು ಭಾರವಾದವು, ಓದು ಆಮೆಯ ನಡಿಗೆಯಾಯಿತು. ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್ 1824ರ ಹೊತ್ತಿಗೆ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದನು. ಚುಕ್ಕಿಯಿಂದ ಚುಕ್ಕಿಗೆ ಸುಮಾರು ಎರಡೂವರೆ ಮಿಲಿಮೀಟರ್ ಅಂತರ. ಇಡೀ ಅಕ್ಷರವು ಬೆರಳ ತುದಿಯಡಿಯಲ್ಲಿ ಒಮ್ಮೆಗೇ ಅಡಗುತ್ತದೆ. ಹಾಯ್ ಕಣ್ಣಿದ್ದವನು, ದೊಡ್ಡದು ಮಾಡಿದನು. ಬ್ರೈಲ್ ಕಣ್ಣಿಲ್ಲದವನು, ಚಿಕ್ಕದು ಮಾಡಿದನು. ಗೆದ್ದದ್ದು ಚಿಕ್ಕದು.

ನಮ್ಮ ಕಾಲದಲ್ಲಿಯೂ ಇದಕ್ಕೊಂದು ಜೊತೆಯಿದೆ. ಗುಂಡಿಗಳಿದ್ದ ಹಳೆಯ ಫೋನುಗಳಲ್ಲಿ ಐದರ ಅಂಕೆಯ ಮೇಲೆ ಸಣ್ಣ ಉಬ್ಬು ಇರುತ್ತಿತ್ತು. ಕೈಗೆ ಅದೇ ದಾರಿದೀಪ. ಗುಂಡಿಗಳು ಮಾಯವಾಗಿ ಬರಿಯ ಗಾಜು ಬಂದಾಗ ಅಂಧರ ಪಾಲಿಗೆ ಫೋನಿನ ಬಾಗಿಲು ಮುಚ್ಚಿತೆಂದೇ ಅನೇಕರು ತಿಳಿದರು. ಪುಣೆಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಗೂಗಲ್ ಸಂಸ್ಥೆಯಲ್ಲಿ ವಿಜ್ಞಾನಿಯಾದ ಟಿ. ವಿ. ರಾಮನ್ ಅವರು ತಮ್ಮ ಸಹೋದ್ಯೋಗಿ ಚಾರ್ಲ್ಸ್ ಚೆನ್ ಅವರೊಡನೆ ಒಂದು ಉಪಾಯ ಕಂಡುಹಿಡಿದರು. ಬೆರಳು ಗಾಜಿನ ಮೇಲೆ ಮೊದಲು ಎಲ್ಲಿ ಬೀಳುವುದೋ ಅದೇ 'ಐದು'. ಅಲ್ಲಿಂದ ಮೇಲಕ್ಕೆ ಸರಿದರೆ ಎರಡು, ಬಲಕ್ಕೆ ಸರಿದರೆ ಆರು. ಬೆರಳು ಅಂಕೆಯನ್ನು ಹುಡುಕುವುದರ ಬದಲು ಅಂಕೆಯೇ ಬೆರಳಿದ್ದಲ್ಲಿಗೆ ಬಂದಿತು. 2009ರಲ್ಲಿ ಐಫೋನಿಗೂ ವಾಯ್ಸ್‌ಓವರ್ ಬಂದಿತು. ಆ ವರ್ಷದ ಐಫೋನಿನ ಪರದೆ ಮೂರೂವರೆ ಅಂಗುಲ ಮಾತ್ರ, ಅಂಗೈಯೊಳಗೆ ಕೂಡುವಂಥದು. ಆಮೇಲೆ ಕಣ್ಣಿನವರ ಆಸೆಗೆ ತಕ್ಕಂತೆ ಫೋನುಗಳು ಬೆಳೆಯುತ್ತಲೇ ಹೋದವು. ಬೆರಳಿಗೆ ಸಿಕ್ಕುವ ಒತ್ತುಗುಂಡಿ ಇದ್ದ ಕೊನೆಯ ಐಫೋನು, ನಾಲ್ಕು ಮುಕ್ಕಾಲು ಅಂಗುಲಕ್ಕೆ ಸ್ವಲ್ಪ ಕಡಿಮೆ ಪರದೆಯದು, 2025ರ ಫೆಬ್ರವರಿಯಲ್ಲಿ ಮಾರಾಟದ ಪಟ್ಟಿಯಿಂದ ಹೋಯಿತು. ಇಂದು ಆರಂಗುಲಕ್ಕಿಂತ ಚಿಕ್ಕ ಪರದೆಯ ಹೊಸ ಸ್ಮಾರ್ಟ್‌ಫೋನನ್ನು ನಮ್ಮ ಊರಿನ ಅಂಗಡಿಗಳಲ್ಲಿ ಹುಡುಕಿ ತೆಗೆಯಬೇಕು.

ಇಷ್ಟು ಕೇಳಿದ ಮೇಲೆ ಸೋದರಮಾವನವರ ಪಕ್ಷವೇ ಸರಿಯೆಂದು ನಾನು ತೀರ್ಪು ತಿದ್ದಿಕೊಳ್ಳಲು ಸಿದ್ಧನಾದೆನು. ಹುಡುಗನು ಅದಕ್ಕೂ ಬಿಡಲಿಲ್ಲ. "ಹಾಗೂ ಹೇಳುವ ಹಾಗಿಲ್ಲ ಸಾರ್," ಎಂದನು. ಅವನ ಕೊಠಡಿಯ ಗೆಳೆಯ, ಶಿರಾ ತಾಲ್ಲೂಕಿನವನು, ಅವನಿಗೂ ದೃಷ್ಟಿಯಿಲ್ಲ. ಆದರೆ ಆ ಟ್ಯಾಬ್ಲೆಟ್ಟೆಂದರೆ ಅವನಿಗೆ ಪ್ರಾಣ. ಗಾಜಿನ ಮೇಲೆ ಆರು ಬೆರಳುಗಳನ್ನಿಟ್ಟು ಬ್ರೈಲ್ ಚುಕ್ಕಿಗಳನ್ನು ಒತ್ತಿ ಬರೆಯುವ ಏರ್ಪಾಡು ಐಫೋನು, ಐಪ್ಯಾಡುಗಳಲ್ಲಿ 2014ರಿಂದಲೂ ಆಂಡ್ರಾಯ್ಡಿನಲ್ಲಿ 2020ರಿಂದಲೂ ಇದೆ. ಚಿಕ್ಕ ಫೋನಿನ ಮೇಲೆ ಆರು ಬೆರಳುಗಳು ಜಾತ್ರೆಯ ಜನದಂತೆ ಒತ್ತೊತ್ತಾಗುತ್ತವೆ. ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮಲಗಿಸಿದರೆ ಎರಡು ಕೈಗಳೂ ಆರಾಮವಾಗಿ ಕೂರುತ್ತವೆ. ಈ ಗೆಳೆಯನು ರಾತ್ರಿ ಕುಳಿತು ಇಂಗ್ಲಿಷ್ ಟಿಪ್ಪಣಿಗಳನ್ನೆಲ್ಲ ಹಾಗೆ ಬರೆಯುತ್ತಾನೆ. ನಮ್ಮ ಹುಡುಗನಿಗೆ ಬ್ರೈಲ್ ಬರುತ್ತದೆ, ಆದರೆ ಕಿವಿಯ ಓದೇ ಅವನಿಗೆ ಇಷ್ಟ. ಇಬ್ಬರೂ ಒಂದೇ ಕೊಠಡಿಯವರು, ಇಬ್ಬರಿಗೂ ಕಣ್ಣಿಲ್ಲ. ಬೇಕಾದ ಗಾತ್ರ ಬೇರೆ ಬೇರೆ.

2011ರ ಜನಗಣತಿಯಲ್ಲಿ ದೃಷ್ಟಿ ದೋಷವುಳ್ಳವರೆಂದು ಎಣಿಸಲ್ಪಟ್ಟವರು ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 2 ಲಕ್ಷ 64 ಸಾವಿರ. ಇಷ್ಟು ಜನರನ್ನು ನಾವು ಒಂದೇ ಪದದಲ್ಲಿ ಕಟ್ಟಿಹಾಕುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಮಗಿಂತ ಸೂಕ್ಷ್ಮವಾಗಿ ನೋಡುತ್ತದೆ. ಸಾಮಾನ್ಯ ದೃಷ್ಟಿಯವರು 60 ಮೀಟರಿನಿಂದ ಕಾಣುವುದನ್ನು, ಕನ್ನಡಕ ಹಾಕಿಯೂ 3 ಮೀಟರಿನಿಂದ ಕಾಣಲಾರದವರನ್ನು ಅಂಧರೆಂದೂ, ಅದಕ್ಕಿಂತ ತುಸು ಮೇಲಿರುವವರನ್ನು ಮಂದದೃಷ್ಟಿಯವರೆಂದೂ ಅದು ಬೇರ್ಪಡಿಸಿದೆ. ಮಂದದೃಷ್ಟಿಯವರ ಲೆಕ್ಕ ಪೂರ್ಣ ಕತ್ತಲೆಯವರ ಲೆಕ್ಕಕ್ಕೆ ಅನೇಕ ವೇಳೆ ವಿರುದ್ಧವಾದುದು. ಅವರಲ್ಲಿ ಬಹಳ ಮಂದಿಗೆ ಅಕ್ಷರಗಳು ದೊಡ್ಡದಾಗಬೇಕು, ದೊಡ್ಡ ಅಕ್ಷರಕ್ಕೆ ದೊಡ್ಡ ಪರದೆ ಬೇಕು. ಚಿಕ್ಕ ಪರದೆಯಲ್ಲಿ ಒಂದು ಸಾಲಿಗೆ ಎರಡು ಪದ ಹಿಡಿದರೆ ಹೆಚ್ಚು.

ಈ ವ್ಯತ್ಯಾಸವು ನಮ್ಮ ಕಥೆಗೆ ಮುಕ್ತಾಯ ಒದಗಿಸಿತು. ಪಾವಗಡದಿಂದ ಹಿಂದಿರುಗಿದವನೇ ನಾನು ಎದುರುಮನೆಗೆ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಇನ್ನೊಂದು ಸಲ ಹಣ ಕೂಡಿಸುವುದು ಅವರಿಗೆ ಸುಲಭವಾಗಿರಲಿಲ್ಲ. ತಮ್ಮನ ಹೊಲದಲ್ಲಿ ಆ ವರ್ಷ ಬೆಳೆ ಅಷ್ಟಕ್ಕಷ್ಟೆ. ದಾರಿ ತೋರಿಸಿದವರು ಕೊರಟಗೆರೆಯ ದೊಡ್ಡಮ್ಮ. ಆಕೆಯ ದೃಷ್ಟಿ ಎರಡು ವರ್ಷಗಳಿಂದ ಮಂಕಾಗುತ್ತ ಬಂದಿತ್ತು. ಪೊರೆಯಾಗಿದ್ದರೆ ಪಾವಗಡದ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯಂಥಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬಹುದಾಗಿತ್ತು. ಆಕೆಯದು ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪದರಕ್ಕೆ ತಗಲಿದ ಪೆಟ್ಟು. ವಾರಪತ್ರಿಕೆಯ ಧಾರಾವಾಹಿಯನ್ನು ಸೊಸೆಯಿಂದ ಓದಿಸಿಕೊಳ್ಳುತ್ತಿದ್ದರು. ಸೊಸೆಗೆ ಬಿಡುವಿಲ್ಲದ ವಾರ ಕಥಾನಾಯಕಿಯ ಗತಿ ಏನಾಯಿತೆಂಬುದು ತಿಳಿಯದೆ ಹೋಗುತ್ತಿತ್ತು. ಹುಡುಗನೇ ಟ್ಯಾಬ್ಲೆಟ್ಟನ್ನು ತಂದು, ಅಕ್ಷರಗಳನ್ನು ಹಿಗ್ಗಿಸುವ ಬಗೆಯನ್ನು ದೊಡ್ಡಮ್ಮನಿಗೆ ಕಲಿಸಿದನು. ಆಕೆ ಅದರ ಬೆಲೆಯನ್ನು ಲೆಕ್ಕ ಹಾಕಿ, ತಮ್ಮ ಉಳಿತಾಯದಿಂದ ಅವನ ಕೈಗೆ ಕೊಟ್ಟು, "ನಿನಗೆ ಬೇಕಾದ್ದನ್ನು ನೀನೇ ತಗೋ ಮಗು," ಎಂದರು. ಶಿರಾದ ಗೆಳೆಯನಿಗೆ ಮಾತ್ರ ಸ್ವಲ್ಪ ದುಃಖವಾಯಿತು. ಬಿಡುವಿನಲ್ಲಿ ಕೊರಟಗೆರೆಗೆ ಬಂದು ಉಪಯೋಗಿಸಬಹುದೆಂದು ದೊಡ್ಡಮ್ಮ ಅವನಿಗೂ ಹೇಳಿಕಳುಹಿಸಿದರು.

ಫೋನು ಕೊಳ್ಳುವಾಗ ನಾನೂ ಜೊತೆಗಿದ್ದೆನು, ಈ ಸಲ ಬಾಯಿ ಮುಚ್ಚಿಕೊಂಡು. ಅಂಗಡಿಯವರು ಫೋನನ್ನು ಬೆಳಗಿಸಿ, ಪರದೆಯ ಬಣ್ಣದ ಸೊಬಗನ್ನು ನನಗೆ ವರ್ಣಿಸತೊಡಗಿದರು. ಹುಡುಗನು, "ಅಣ್ಣಾ, ಆರಿಸಿಯೇ ಕೊಡಿ, ಮೊದಲು ಹಿಡಿದು ನೋಡುತ್ತೇನೆ," ಎಂದನು. ಒಂದೊಂದನ್ನೂ ಎಡಗೈಯಲ್ಲಿ ಹಿಡಿದು, ಹೆಬ್ಬೆರಳು ಆಚೆಯ ಅಂಚಿಗೆ ಮುಟ್ಟುವುದೇ ಎಂದು ನೋಡಿದನು. ಪಕ್ಕದ ಗುಂಡಿಗಳು ಬೆರಳಿಗೆ ಸ್ಪಷ್ಟವಾಗಿ ಸಿಕ್ಕುವುವೇ ಎಂದು ಸವರಿದನು. ಬೆನ್ನು ಜಾರುವಂಥ ಎರಡನ್ನು ಪಕ್ಕಕ್ಕೆ ಸರಿಸಿದನು. ಇಯರ್‌ಫೋನಿನ ತೂತು ಇದೆಯೇ ಎಂದು ಕೇಳಿದನು. ಬಸ್ಸಿನಲ್ಲಿ ಬ್ಯಾಂಕಿನ ಸಂದೇಶವನ್ನು ಫೋನು ಗಟ್ಟಿಯಾಗಿ ಓದಿದರೆ ಗತಿಯೇನು? ಜೇಬಿನಲ್ಲಿಟ್ಟು ಬಗ್ಗಿ ನೋಡಿದನು. ಕೊನೆಗೆ ಟಾಕ್‌ಬ್ಯಾಕ್ ಹಚ್ಚಿಸಿ, ಕನ್ನಡವನ್ನೂ ತೆಲುಗನ್ನೂ ಓದಿಸಿ ಕೇಳಿದನು.

ಅವನು ಆರಿಸಿದ್ದು ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನಲ್ಲ, ಅದಕ್ಕಿಂತ ತುಸು ದೊಡ್ಡದನ್ನು. ಕಾರಣ ಕೇಳಿದೆನು. "ಆ ಚಿಕ್ಕದು ಬೆರಳಿಟ್ಟ ಮೇಲೆ ಯೋಚನೆ ಮಾಡಿ ಮಾತನಾಡುತ್ತದೆ ಸಾರ್. ಅಷ್ಟು ಹೊತ್ತಿಗೆ ನಾನು ಮುಂದೆ ಹೋಗಿರುತ್ತೇನೆ," ಎಂದನು. ಜಗುಲಿಯ ಸಭೆಯಲ್ಲಿ ಅಷ್ಟು ಹೊತ್ತು ಗಾತ್ರಕ್ಕಾಗಿ ಹೋರಾಡಿದ ನಮಗೆ ಈ ಮಾತು ಹೊಳೆಯುವ ಸಂಭವವೇ ಇರಲಿಲ್ಲ. ಹೊರಗೆ ಬಂದವನೇ ಅವನು ಕಿಸೆಯಿಂದ ನೋಟು ತೆಗೆದು, ಎಳನೀರಿನವನ ಮುಂದೆ ನಿಂತು, ಫೋನಿಗೆ ತೋರಿಸಿದನು. ನೋಟಿನ ಬೆಲೆಯನ್ನು ಅದು ಹೇಳಿತು. ಎಳನೀರಿನವನು ಬೆರಗಾಗಿ ಇನ್ನೊಂದು ಸಲ ಹೇಳಿಸಿ ಕೇಳಿದನು.

ಓದುಗರಲ್ಲಿ ಹಲವರ ಮನೆಗಳಲ್ಲಿ ದೃಷ್ಟಿಯಿಲ್ಲದ ಮಗುವೋ, ದೃಷ್ಟಿ ಕುಂದಿದ ಹಿರಿಯರೋ ಇರಬಹುದು. ಅವರಿಗಾಗಿ ಏನನ್ನಾದರೂ ಕೊಳ್ಳುವ ಯೋಚನೆಯೂ ಇರಬಹುದು. ಎಷ್ಟಂಗುಲದ್ದು ಒಳ್ಳೆಯದೆಂದು ನನ್ನನ್ನು ಕೇಳಬೇಡಿರಿ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಆರಿಸಿದ ಫೋನನ್ನು ಅವರ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿರಿ.

ಮೊನ್ನೆ ಎದುರುಮನೆಯ ಹಿರಿಯರು ಮತ್ತೆ ಬಂದಿದ್ದರು. ಶಿರಾದಲ್ಲಿ ಸೋದರಮಾವನವರ ಮಗಳ ಮದುವೆಯಂತೆ. "ಮೇಷ್ಟ್ರೆ, ಗೋಡೆ ಗಡಿಯಾರ ಕೊಡೋಣವೆಂದಿದ್ದೇನೆ. ದೊಡ್ಡದು ಕೊಡಲೋ, ಚಿಕ್ಕದು ಕೊಡಲೋ?" ಎಂದು ಕೇಳಿದರು.

"ಮದುಮಗಳನ್ನೇ ಕೇಳಿ," ಎಂದೆನು.